ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ರೋಧ ಮತ್ತು ವಾಟ್ ಲೆಕ್ಕ ಹಾಕುವುದು ಹೇಗೆ?

ಒಂದು ಉಪಕರಣದ ಎರಡು ತುದಿಗಳ ನಡುವೆ ಎಷ್ಟು ವೋಲ್ಟೇಜ್ ಇದೆ, ಅದರ ಮೂಲಕ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದು ಗೊತ್ತಾದರೆ ಸಾಕು. ಅದರ ರೋಧ (ಕರೆಂಟ್ ಹರಿಯುವುದಕ್ಕೆ ಅದು ಒಡ್ಡುವ ತಡೆ) ಒಂದು ಭಾಗಾಕಾರದಲ್ಲಿ, ಅದು ಎಳೆಯುವ ವಾಟ್ ಒಂದು ಗುಣಾಕಾರದಲ್ಲಿ ಸಿಕ್ಕಿಬಿಡುತ್ತದೆ.

ರೋಧ (ಓಮ್) = ವೋಲ್ಟೇಜ್ (ವೋಲ್ಟ್) ÷ ಕರೆಂಟ್ (ಆಂಪಿಯರ್)

ಪವರ್ (ವಾಟ್) = ವೋಲ್ಟೇಜ್ (ವೋಲ್ಟ್) × ಕರೆಂಟ್ (ಆಂಪಿಯರ್)

ಸೂತ್ರ ಇಷ್ಟು ಸುಲಭವಾಗಿದ್ದರೂ ಉತ್ತರ ತಪ್ಪುವವರು ಬಹಳ. ಕಾರಣ ಬಹುಪಾಲು ಒಂದೇ: ಒಂದು ಭಾಗದ ಮೇಲೆ ಅಳೆದ ವೋಲ್ಟೇಜನ್ನು ಇನ್ನೊಂದು ಭಾಗದ ಲೆಕ್ಕಕ್ಕೆ ಹಚ್ಚುವುದು. ಹಾಗಾಗಿ ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ವೋಲ್ಟೇಜ್ ಯಾವ ಎರಡು ಬಿಂದುಗಳ ನಡುವಿನದು? ಈ ಕರೆಂಟ್ ಅದೇ ಎರಡು ಬಿಂದುಗಳ ನಡುವೆ ಹರಿಯುತ್ತಿರುವುದೇ, ಮತ್ತು ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆದದ್ದೇ? ಹೌದು ಎನ್ನುವಂತಿದ್ದರೆ ಮಾತ್ರ ಮುಂದೆ ಹೋಗಿ.

"ಒಂದೇ ಹೊತ್ತಿನಲ್ಲಿ" ಎಂಬುದು ಸಣ್ಣ ಮಾತಲ್ಲ. 1827ರಲ್ಲಿ ರೋಧದ ಈ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ ಜರ್ಮನಿಯ ಜಾರ್ಜ್ ಸೈಮನ್ ಓಮ್ ಅವರನ್ನೂ ಇದೇ ಕಾಡಿತ್ತು. ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ಪ್ರಯೋಗದ ನಡುವೆಯೇ ಏರಿಳಿಯುತ್ತಿತ್ತು, ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೊನೆಗೆ ಅವರು ಬ್ಯಾಟರಿಯನ್ನು ಬಿಟ್ಟು, ಎರಡು ಲೋಹಗಳ ಸಂಧಿಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ಸ್ಥಿರವಾದ ವೋಲ್ಟೇಜ್ ಪಡೆಯುವ ಥರ್ಮೋಕಪಲ್‌ಗೆ ಬದಲಾಯಿಸಿಕೊಂಡರು. ಆಮೇಲೆ ಅಂಕಿಗಳು ಕ್ರಮಕ್ಕೆ ಬಂದವು.

ಹಂತ 1: ಮಾನಗಳನ್ನು ಸರಿಮಾಡಿಕೊಳ್ಳಿ

ಮೀಟರ್ 20 ಮಿಲಿಆಂಪಿಯರ್ ತೋರಿಸಿದರೆ ಅದು 0.02 ಆಂಪಿಯರ್. 1000 ಮಿಲಿಆಂಪಿಯರ್ ಸೇರಿದರೆ ಒಂದು ಆಂಪಿಯರ್. 1000 ಓಮ್ ಒಂದು ಕಿಲೋಓಮ್. 1000 ವಾಟ್ ಒಂದು ಕಿಲೋವಾಟ್. ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವರಿಗೆ ಒಂದು ಒಳದಾರಿಯಿದೆ. ವೋಲ್ಟನ್ನು ನೇರವಾಗಿ ಮಿಲಿಆಂಪಿಯರಿನಿಂದ ಭಾಗಿಸಿದರೆ ಉತ್ತರ ಕಿಲೋಓಮಿನಲ್ಲಿ ಬರುತ್ತದೆ, ಗುಣಿಸಿದರೆ ಮಿಲಿವಾಟಿನಲ್ಲಿ ಬರುತ್ತದೆ. 5 ವೋಲ್ಟ್, 2 ಮಿಲಿಆಂಪಿಯರ್ ಎಂದರೆ 2.5 ಕಿಲೋಓಮ್, 10 ಮಿಲಿವಾಟ್. ಸೊನ್ನೆಗಳನ್ನು ಎಣಿಸುವ ತಾಪತ್ರಯವೇ ಇಲ್ಲ.

ಹಂತ 2: ಅಳೆಯಿರಿ

ವೋಲ್ಟೇಜ್ ಅಳೆಯಲು ಸರ್ಕ್ಯೂಟನ್ನು ಎಲ್ಲೂ ಬಿಚ್ಚಬೇಕಿಲ್ಲ. ಉಪಕರಣ ಚಾಲೂ ಇರುವಾಗಲೇ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ತುದಿಗಳಿಗೆ ತಾಗಿಸಿದರಾಯಿತು. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ ವೋಲ್ಟೇಜ್ ಸ್ಥಾನದಲ್ಲಿ ಸುಮಾರು 1 ಕೋಟಿ ಓಮ್ ಇರುವುದರಿಂದ ಅದು ಎಳೆದುಕೊಳ್ಳುವ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ.

ಕರೆಂಟ್ ಹಾಗಲ್ಲ. ಅದು ಮೀಟರಿನ ಮೂಲಕವೇ ಹಾದುಹೋಗಬೇಕು. ಸಪ್ಲೈ ಆಫ್ ಮಾಡಿ, ತಂತಿಯನ್ನು ಒಂದು ಕಡೆ ಬಿಚ್ಚಿ, ಆ ಬಿಟ್ಟ ಜಾಗದಲ್ಲಿ ಮೀಟರನ್ನು ಸೀರೀಸ್ ಆಗಿ ಸೇರಿಸಿ, ಮತ್ತೆ ಆನ್ ಮಾಡಿ. ಕೆಂಪು ಕಡ್ಡಿಯನ್ನು ಕರೆಂಟ್ ಅಳೆಯುವ ಸಾಕೆಟ್ಟಿಗೆ ಬದಲಾಯಿಸಲು ಮರೆಯಬೇಡಿ. ಎಷ್ಟು ಬರಬಹುದೆಂಬ ಅಂದಾಜಿಲ್ಲದಿದ್ದರೆ 10 ಆಂಪಿಯರ್ ಎಂದು ಬರೆದಿರುವ ಸಾಕೆಟ್ಟಿನಿಂದಲೇ ಶುರುಮಾಡಿ. ಅಳತೆ ಮುಗಿದ ಕೂಡಲೇ ಕಡ್ಡಿಯನ್ನು ವಾಪಸ್ ವೋಲ್ಟೇಜ್ ಸಾಕೆಟ್ಟಿಗೆ ಹಾಕಿಡಿ. ಕರೆಂಟ್ ಸ್ಥಾನದಲ್ಲಿರುವ ಮೀಟರ್ ಒಂದು ತುಂಡು ತಂತಿಯಿದ್ದಂತೆಯೇ ವರ್ತಿಸುತ್ತದೆ. ಹಾಗೆಯೇ ಬಿಟ್ಟು ಮುಂದಿನ ಸಲ ಬ್ಯಾಟರಿಯ ಎರಡು ತುದಿಗಳಿಗೆ ತಾಗಿಸಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಒಳಗಿನ ಫ್ಯೂಸ್ ಹೋಗುತ್ತದೆ. ಗೋಡೆಯ ಸಾಕೆಟ್ಟಿಗೆ ತಾಗಿಸಿದರೆ ಕೈ, ಮುಖ ಸುಡುವ ಮಟ್ಟಿನ ಕಿಡಿ ಹಾರಬಹುದು.

ಆದ್ದರಿಂದ ಮುಖ್ಯ ಸರಬರಾಜಿನ ಮೇಲೆ ಈ ಸೀರೀಸ್ ಅಳತೆಯನ್ನು ಮಾಡಲೇಬೇಡಿ. ಕ್ಲ್ಯಾಂಪ್ ಮೀಟರ್ ಬಳಸಿ. ತಂತಿ ಬಿಚ್ಚದೆಯೇ, ಅದರ ಸುತ್ತ ದವಡೆ ಮುಚ್ಚಿ ಕರೆಂಟ್ ಅಳೆಯಬಹುದು. ದವಡೆಯೊಳಗೆ ಒಂದೇ ತಂತಿ ಇರಬೇಕು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಸೇರಿಸಿ ಹಿಡಿದರೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಕೂರಿಸುವ ವಾಟ್ ಮೀಟರ್ ಸಿಕ್ಕರೆ ಹೊಸಬರಿಗೆ ಅದೇ ಒಳ್ಳೆಯದು.

ಹಂತ 3: ಲೆಕ್ಕ ಹಾಕಿ, ಉತ್ತರವನ್ನು ಅಳತೆಯಷ್ಟೇ ನಂಬಿ

ವಾಹನದ ಒಂದು ಇಂಡಿಕೇಟರ್ ಬಲ್ಬ್ ತೆಗೆದುಕೊಳ್ಳೋಣ, ಎಲ್‌ಇಡಿ ಅಲ್ಲ, ಹಳೆಯ ತಂತುವಿನ ಬಲ್ಬ್. ಉರಿಯುತ್ತಿರುವಾಗ ಅದರ ಮೇಲೆ 12.4 ವೋಲ್ಟ್, ಅದರ ಮೂಲಕ 1.7 ಆಂಪಿಯರ್.

ರೋಧ: 12.4 ÷ 1.7 = ಸುಮಾರು 7.3 ಓಮ್
ಪವರ್: 12.4 × 1.7 = ಸುಮಾರು 21 ವಾಟ್

ಕ್ಯಾಲ್ಕುಲೇಟರ್ 7.294117647 ಎಂದು ತೋರಿಸುತ್ತದೆ. ಕರೆಂಟನ್ನು ಎರಡೇ ಅಂಕಿಗಳಷ್ಟು ನಿಖರವಾಗಿ ಅಳೆದು ಉತ್ತರವನ್ನು ಹತ್ತು ಅಂಕಿ ಬರೆದರೆ ಅರ್ಥವಿಲ್ಲ. 7.3 ಸಾಕು.

ಈಗ ಅದೇ ಬಲ್ಬನ್ನು ಬಿಚ್ಚಿ, ಆರಲು ಬಿಟ್ಟು, ಮಲ್ಟಿಮೀಟರನ್ನು ಓಮ್ ಸ್ಥಾನಕ್ಕೆ ತಿರುಗಿಸಿ ಅಳೆಯಿರಿ. 7.3 ಬರುವುದಿಲ್ಲ, ಅದರ ಹತ್ತನೇ ಒಂದು ಪಾಲಿನ ಆಸುಪಾಸು, ಒಂದು ಓಮಿಗೂ ಕಡಿಮೆ ಬರುತ್ತದೆ. ಮೀಟರ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಟಂಗ್‌ಸ್ಟನ್ ತಂತು 2000 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಅದರ ರೋಧ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ತಣ್ಣಗಿರುವ ಬಲ್ಬಿಗೆ ಸ್ವಿಚ್ ಹಾಕಿದ ಮೊದಲ ಕ್ಷಣ 1.7ರ ಬದಲು ಅದರ ಎಷ್ಟೋ ಪಟ್ಟು ಕರೆಂಟ್ ನುಗ್ಗುತ್ತದೆ. ತಂತುವಿನ ಬಲ್ಬುಗಳು ಬಹುಪಾಲು ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದು ಇದರಿಂದಲೇ.

ವೋಲ್ಟೇಜ್ ಮತ್ತು ಕರೆಂಟ್ ಅಳೆದು ರೋಧ ಕಂಡುಹಿಡಿಯುವ ದಾರಿಯ ಬೆಲೆ ಇಲ್ಲಿದೆ. ಕೆಲಸ ಮಾಡುತ್ತಿರುವ ಸ್ಥಿತಿಯಲ್ಲಿ ಆ ವಸ್ತುವಿನ ರೋಧ ಎಷ್ಟು ಎಂದು ಅದೊಂದೇ ಹೇಳುತ್ತದೆ. ಹೀಟರುಗಳಲ್ಲಿರುವ ನಿಕ್ರೋಮ್ ತಂತಿಯ ರೋಧ ಬಿಸಿಯಾದಾಗಲೂ ಸ್ವಲ್ಪವೇ ಬದಲಾಗುವುದರಿಂದ ಅಲ್ಲಿ ಓಮ್ ಸ್ಥಾನದ ಅಳತೆ ನಡೆಯುತ್ತದೆ.

ತೀರಾ ಸಣ್ಣ ರೋಧಗಳ ವಿಷಯದಲ್ಲೂ ಇದೇ ದಾರಿ ಗೆಲ್ಲುತ್ತದೆ. ಮೀಟರಿನ ಕಡ್ಡಿ, ವೈರುಗಳಿಗೇ 0.2, 0.3 ಓಮ್ ರೋಧವಿರುವಾಗ 0.04 ಓಮಿನ ತಂತಿಯನ್ನು ಓಮ್ ಸ್ಥಾನದಲ್ಲಿ ಅಳೆಯುವುದು ಆಗದ ಮಾತು. ಬದಲಿಗೆ ಆ ತಂತಿಯಲ್ಲಿ ಸರಿಯಾಗಿ 1 ಆಂಪಿಯರ್ ಹರಿಸಿ, ಅದರ ಮೈಮೇಲೆಯೇ ಎರಡು ತುದಿಗಳಲ್ಲಿ ಬೇರೆ ಕಡ್ಡಿಗಳಿಂದ ವೋಲ್ಟೇಜ್ ನೋಡಿ. 38 ಮಿಲಿವೋಲ್ಟ್ ಬಂದರೆ ರೋಧ 0.038 ಓಮ್. ಕರೆಂಟ್ ತರುವ ವೈರುಗಳ ರೋಧ ಎಷ್ಟಿದ್ದರೂ ಈ ಲೆಕ್ಕಕ್ಕೆ ತಾಗುವುದಿಲ್ಲ, ಏಕೆಂದರೆ ವೋಲ್ಟೇಜನ್ನು ನಾವು ಅವುಗಳ ಮೇಲೆ ಅಳೆಯುತ್ತಲೇ ಇಲ್ಲ.

ಹಂತ 4: ಒಂದು ಅಂಕಿ ಕಾಣೆಯಾದಾಗ

ಕರೆಂಟ್ ಮತ್ತು ರೋಧ ಮಾತ್ರ ಗೊತ್ತಿದ್ದರೆ: ಪವರ್ = ಕರೆಂಟ್ × ಕರೆಂಟ್ × ರೋಧ
ವೋಲ್ಟೇಜ್ ಮತ್ತು ರೋಧ ಮಾತ್ರ ಗೊತ್ತಿದ್ದರೆ: ಪವರ್ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಇವು ಹೊಸ ನಿಯಮಗಳಲ್ಲ, ಮೊದಲ ಎರಡನ್ನೇ ಒಂದರೊಳಗೊಂದು ಸೇರಿಸಿದ್ದು. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು 1840ರ ಹೊತ್ತಿಗೆ ಪ್ರಯೋಗ ಮಾಡಿ ತೋರಿಸಿದವರು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್. ಈ ವರ್ಗವನ್ನು ಮರೆತರೆ ಅಂದಾಜುಗಳೆಲ್ಲ ತಲೆಕೆಳಗಾಗುತ್ತವೆ.

ಒಂದು ಹೀಟರಿನ ಮೇಲೆ 230 ವೋಲ್ಟ್, 2000 ವಾಟ್ ಎಂದು ಬರೆದಿದೆ ಎಂದುಕೊಳ್ಳಿ. ಕರೆಂಟ್ 2000 ÷ 230 = ಸುಮಾರು 8.7 ಆಂಪಿಯರ್. ರೋಧ 230 × 230 ÷ 2000 = 26.45 ಓಮ್. ಸಂಜೆ ಹೊತ್ತು ವೋಲ್ಟೇಜ್ 200ಕ್ಕೆ ಇಳಿಯಿತು. ಈಗ ಅದು ಎಷ್ಟು ವಾಟ್ ಕೊಡುತ್ತದೆ? "2000 ವಾಟ್ ಎಂದು ಬರೆದಿದೆಯಲ್ಲ, ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಜಾಸ್ತಿ ಎಳೆಯುತ್ತದೆ" ಎನ್ನುವವರಿದ್ದಾರೆ. ಹೀಟರಿನ ಮಟ್ಟಿಗೆ ಅದು ಸುಳ್ಳು. ಬದಲಾಗದೆ ಉಳಿಯುವುದು 26.45 ಓಮ್, 2000 ವಾಟ್ ಅಲ್ಲ. 200 × 200 ÷ 26.45 = ಸುಮಾರು 1512 ವಾಟ್. ವೋಲ್ಟೇಜ್ ಇಳಿದದ್ದು ಶೇ. 13, ಶಾಖ ಇಳಿದದ್ದು ಶೇ. 24ಕ್ಕೂ ಹೆಚ್ಚು. ನೀರು ಕಾಯಲು ಅಷ್ಟು ತಡವಾಗುವುದು ಅದಕ್ಕೇ. (ಕಂಪ್ಯೂಟರ್, ಫೋನ್ ಚಾರ್ಜರುಗಳ ಒಳಗಿನ ಸರ್ಕ್ಯೂಟ್ ಮಾತ್ರ ತನಗೆ ಬೇಕಾದ ವಾಟ್ ಸಿಗುವಂತೆ ಕರೆಂಟನ್ನು ನಿಜವಾಗಿಯೂ ಹೆಚ್ಚಿಸಿಕೊಳ್ಳುತ್ತದೆ. ಅವುಗಳಿಗೆ ಸ್ಥಿರ ರೋಧ ಎಂಬುದೇ ಇಲ್ಲ.)

ಹಂತ 5: ಎಲ್‌ಇಡಿಗೆ ರೆಸಿಸ್ಟರ್ ಆರಿಸಿ

ರೆಸಿಸ್ಟರ್ ಎಂದರೆ ಕರೆಂಟನ್ನು ಮಿತಿಯಲ್ಲಿಡಲು ಹಾಕುವ, ನಿಗದಿತ ರೋಧವಿರುವ ಪುಟ್ಟ ಬಿಡಿಭಾಗ. ಕಲಿಯುವವರು ಮೊದಲು ಎಡವುವುದು ಇಲ್ಲಿಯೇ. 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 15 ಮಿಲಿಆಂಪಿಯರ್ ಬೇಕು. ಕೆಲವರು 9 ÷ 0.015 = 600 ಓಮ್ ಎನ್ನುತ್ತಾರೆ. ಇನ್ನು ಕೆಲವರು ಎಲ್‌ಇಡಿಯ ಮೇಲೆ 2 ವೋಲ್ಟ್ ಇರುತ್ತದೆಂದು ಓದಿಕೊಂಡು 2 ÷ 0.015 = 133 ಓಮ್ ಎನ್ನುತ್ತಾರೆ. ಮೊದಲನೆಯದರಲ್ಲಿ ಬೆಳಕು ಸ್ವಲ್ಪ ಮಂಕಾಗುತ್ತದೆ, ಅಷ್ಟೇ. ಎರಡನೆಯದರಲ್ಲಿ 50 ಮಿಲಿಆಂಪಿಯರಿಗೂ ಹೆಚ್ಚು ಹರಿದು ಎಲ್‌ಇಡಿಯ ಆಯುಷ್ಯ ಮುಗಿಯುತ್ತದೆ.

ಆರಂಭದ ಪ್ರಶ್ನೆಗೆ ಮರಳಿ: ನಮಗೆ ಬೇಕಾದದ್ದು ರೆಸಿಸ್ಟರಿನ ರೋಧ. ಹಾಗಿದ್ದರೆ ರೆಸಿಸ್ಟರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟೇಜ್? 9ರಲ್ಲಿ 2 ಎಲ್‌ಇಡಿಯ ಪಾಲು, ಉಳಿದ 7 ಇದರ ಪಾಲು. ಸೀರೀಸಿನಲ್ಲಿರುವುದರಿಂದ ಕರೆಂಟ್ ಎರಡಕ್ಕೂ ಒಂದೇ. 7 ÷ 0.015 = 467 ಓಮ್. ತಯಾರಾಗಿ ಸಿಗುವ ಹತ್ತಿರದ ಮೌಲ್ಯ 470 ಓಮ್. ಅದನ್ನು ಹಾಕಿದರೆ ನಿಜವಾದ ಕರೆಂಟ್ 7 ÷ 470, ಅಂದರೆ 14.9 ಮಿಲಿಆಂಪಿಯರ್.

ವಾಟ್ ನೋಡದೆ ರೆಸಿಸ್ಟರ್ ಆರಿಸಬೇಡಿ. 7 × 0.0149 = ಸುಮಾರು 0.1 ವಾಟ್. ಕಾಲು ವಾಟಿನ ರೆಸಿಸ್ಟರ್ ಆರಾಮಾಗಿ ತಡೆಯುತ್ತದೆ. ಲೆಕ್ಕದಲ್ಲಿ ಬಂದ ವಾಟಿನ ಎರಡು ಪಟ್ಟಾದರೂ ತಡೆಯುವ ರೆಸಿಸ್ಟರ್ ಹಾಕುವುದು ಒಳ್ಳೆಯ ರೂಢಿ. ಕಡೆಗೊಮ್ಮೆ ತಾಳೆ ನೋಡಿ. ರೆಸಿಸ್ಟರಿಗೆ 0.104 ವಾಟ್, ಎಲ್‌ಇಡಿಗೆ 2 × 0.0149 = 0.030 ವಾಟ್, ಒಟ್ಟು 0.134. ಬ್ಯಾಟರಿ ಕೊಟ್ಟದ್ದು 9 × 0.0149 = 0.134. ಸರಿಹೋಯಿತು. ಹೀಗೆ ಭಾಗಭಾಗದ ವಾಟ್ ಕೂಡಿಸಿ ಒಟ್ಟಿನ ಜೊತೆ ಹೋಲಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕಸ್ಥ ಪರೀಕ್ಷೆ. ಮೇಲಿನಂತೆ ಒಂದು ಭಾಗಕ್ಕೆ ತಪ್ಪು ವೋಲ್ಟೇಜ್ ಹಚ್ಚಿದ್ದರೆ ಸಾಮಾನ್ಯವಾಗಿ ಇಲ್ಲಿ ಸಿಕ್ಕಿಬೀಳುತ್ತದೆ.

ಹಂತ 6: ತಂತಿಯನ್ನೂ ಲೆಕ್ಕಕ್ಕೆ ಸೇರಿಸಿ

ತಂತಿಗೆ ರೋಧವಿಲ್ಲ ಎಂದುಕೊಂಡೇ ಬಹಳ ಜನ ಲೆಕ್ಕ ಹಾಕುತ್ತಾರೆ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಒಂದು ಕಿಲೋಮೀಟರಿಗೆ ಸುಮಾರು 12 ಓಮ್ ರೋಧವಿದೆ. 20 ಮೀಟರ್ ಎಕ್ಸ್‌ಟೆನ್ಶನ್ ಕಾರ್ಡ್ ಎಂದರೆ ಕರೆಂಟ್ ಹೋಗಿ ಬರುವ ದಾರಿ 40 ಮೀಟರ್, ರೋಧ ಸುಮಾರು 0.48 ಓಮ್.

ಮೇಲಿನ ಹೀಟರನ್ನೇ ಈ ಕಾರ್ಡಿಗೆ ಹಾಕಿ. ಒಟ್ಟು ರೋಧ 26.93 ಓಮ್, ಕರೆಂಟ್ 230 ÷ 26.93 = 8.54 ಆಂಪಿಯರ್. ಕಾರ್ಡಿನಲ್ಲೇ ಕಳೆದುಹೋಗುವ ವೋಲ್ಟೇಜ್ 8.54 × 0.48 = 4.1 ವೋಲ್ಟ್. ಶೇ. 2 ಕೂಡ ಆಗಲಿಲ್ಲ, ಹೀಟರಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಕಾರ್ಡಿನೊಳಗೆ ಹುಟ್ಟುವ ಶಾಖ 8.54 × 8.54 × 0.48 = 35 ವಾಟ್. 20 ಮೀಟರ್ ಉದ್ದಕ್ಕೂ ಬಿಚ್ಚಿ ಹರಡಿದ್ದರೆ ಅದು ಗಾಳಿಗೆ ಆರಿಹೋಗುತ್ತದೆ. ಸುರುಳಿ ಸುತ್ತಿದ ಡ್ರಮ್ಮಿನಲ್ಲೇ ಬಿಟ್ಟರೆ ಅಷ್ಟೂ ಶಾಖ ಒಳಗೇ ಕೂಡಿ ಪ್ಲಾಸ್ಟಿಕ್ ಮೆತ್ತಗಾಗಿ ಕರಗಬಹುದು. ಹೆಚ್ಚು ವಾಟಿನ ಉಪಕರಣ ಹಾಕುವಾಗ ಕಾರ್ಡನ್ನು ಪೂರ್ತಿ ಬಿಚ್ಚಿ ಎಂದು ಡ್ರಮ್ಮಿನ ಮೇಲೆಯೇ ಬರೆದಿರುವುದು ಇದಕ್ಕಾಗಿ.

ಈಗ ಅದೇ ಕಾರ್ಡನ್ನು 12 ವೋಲ್ಟ್ ಬ್ಯಾಟರಿಗೆ ಹಚ್ಚಿ, ಇನ್ನೊಂದು ತುದಿಗೆ 12 ವೋಲ್ಟ್, 60 ವಾಟಿನ ಪುಟ್ಟ ಹೀಟರ್ ಹಾಕಿ. ಅದರ ರೋಧ 12 × 12 ÷ 60 = 2.4 ಓಮ್. ಒಟ್ಟು ರೋಧ 2.88, ಕರೆಂಟ್ 4.17 ಆಂಪಿಯರ್. ಕಾರ್ಡಿನಲ್ಲಿ 2 ವೋಲ್ಟ್ ಹೋಯಿತು, ಹೀಟರಿಗೆ ಉಳಿದದ್ದು 10. ಪವರ್ 60ರ ಬದಲು 41.7 ವಾಟ್! 2000 ವಾಟಿಗೆ ಸಾಲುವ ತಂತಿ 60 ವಾಟಿಗೆ ಸಾಲಲಿಲ್ಲ. ಸೋಲಾರ್ ಪ್ಯಾನೆಲ್, ಬ್ಯಾಟರಿ ಕೆಲಸಗಳಲ್ಲಿ ದಪ್ಪ ತಂತಿ, ಗಿಡ್ಡ ತಂತಿ ಎಂದು ಪಟ್ಟು ಹಿಡಿಯುವುದಕ್ಕೆ ಈ ಲೆಕ್ಕವೇ ಆಧಾರ. ಇಲ್ಲಿ ಯಾರಾದರೂ ಬ್ಯಾಟರಿಯ 12 ವೋಲ್ಟನ್ನು 4.17 ಆಂಪಿಯರಿನಿಂದ ಗುಣಿಸಿ ಹೀಟರ್ 50 ವಾಟ್ ಎಳೆಯುತ್ತಿದೆ ಎಂದರೆ ತಪ್ಪು. 50 ಎಂಬುದು ಹೀಟರ್ ಮತ್ತು ಕಾರ್ಡ್ ಎರಡರದೂ ಸೇರಿ.

ತಂತಿಗಿಂತ ಅಪಾಯ ಸಡಿಲವಾದ ಸ್ಕ್ರೂ. ಪ್ಲಗ್ಗಿನೊಳಗಿನ ಒಂದು ಸಡಿಲ ಜಾಯಿಂಟಿನಲ್ಲಿ 0.2 ಓಮ್ ರೋಧವಿದ್ದು 10 ಆಂಪಿಯರ್ ಹರಿದರೆ ಅಲ್ಲಿ ಬೀಳುವುದು ಬರೀ 2 ವೋಲ್ಟ್. ಆದರೆ ಶಾಖ 10 × 10 × 0.2 = 20 ವಾಟ್, ಅದೂ ಕಾಳಿನಷ್ಟು ಜಾಗದಲ್ಲಿ. ಸಣ್ಣ ಸೋಲ್ಡರಿಂಗ್ ಐರನ್ ಸೀಸ ಕರಗಿಸುವುದು ಹೆಚ್ಚುಕಡಿಮೆ ಇಷ್ಟೇ ವಾಟಿನಲ್ಲಿ. ಬಿಸಿಗೆ ಲೋಹದ ಮೇಲೆ ಆಕ್ಸೈಡ್ ಪದರ ಕಟ್ಟಿ ರೋಧ ಇನ್ನೂ ಏರುತ್ತದೆ, ಶಾಖ ಮತ್ತೂ ಹೆಚ್ಚುತ್ತದೆ. ಫ್ಯೂಸ್ ಆಗಲಿ ಬ್ರೇಕರ್ ಆಗಲಿ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಕರೆಂಟ್ ಮಿತಿ ದಾಟಿಯೇ ಇಲ್ಲ. ಪ್ಲಗ್ಗಿನ ಒಂದು ಪಿನ್ನಿನ ಸುತ್ತ ಮಾತ್ರ ಪ್ಲಾಸ್ಟಿಕ್ ಕಂದಾಗಿದ್ದರೆ, ಮೀನಿನ ವಾಸನೆಯಂಥ ಕಮಟು ಬರುತ್ತಿದ್ದರೆ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಹಂತ 7: ಮೋಟಾರು, ಫ್ಯಾನುಗಳಲ್ಲಿ ಎಚ್ಚರ

ಇಲ್ಲಿಯವರೆಗಿನದೆಲ್ಲ ಡಿಸಿಗೂ (ಬ್ಯಾಟರಿಯಿಂದ ಬರುವ, ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್), ಏಸಿಯಲ್ಲಿ (ಗೋಡೆಯ ಸಾಕೆಟ್ಟಿನಿಂದ ಬರುವ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಹೀಟರಿನಂಥವಕ್ಕೂ ಸರಿ. ಏಸಿಯ 230 ವೋಲ್ಟ್ ಎಂಬುದು ಆರ್‌ಎಂಎಸ್ ಮೌಲ್ಯ. ಅಂದರೆ ಅಷ್ಟೇ ಶಾಖ ಕೊಡುವ ಡಿಸಿ ವೋಲ್ಟೇಜಿಗೆ ಸಮ. ಶಿಖರದಲ್ಲಿ ಅದು 325ರ ಹತ್ತಿರ ಹೋಗುತ್ತದೆ. ಮೀಟರ್ ತೋರಿಸುವುದು ಆರ್‌ಎಂಎಸ್, ಸೂತ್ರಕ್ಕೆ ಬೇಕಾದದ್ದೂ ಅದೇ. ಡಿಮ್ಮರ್ ಇರುವ ಕಡೆ ಅಲೆಯ ಆಕಾರವೇ ಕೆಟ್ಟಿರುವುದರಿಂದ ಟ್ರೂ ಆರ್‌ಎಂಎಸ್ ಎಂದು ಬರೆದಿರುವ ಮೀಟರ್ ಬೇಕು.

ಮೋಟಾರಿನ ಸುರುಳಿಯಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಆಗ ಗುಣಾಕಾರಕ್ಕೆ ಪವರ್ ಫ್ಯಾಕ್ಟರ್ (ವೋಲ್ಟ್ × ಆಂಪಿಯರಿನಲ್ಲಿ ನಿಜವಾದ ವಾಟ್ ಆಗುವ ಪಾಲು) ಕೂಡ ಸೇರಬೇಕು. 230 ವೋಲ್ಟ್, 2 ಆಂಪಿಯರ್, ಪವರ್ ಫ್ಯಾಕ್ಟರ್ 0.7 ಇದ್ದರೆ ಪವರ್ 460 ಅಲ್ಲ, 322 ವಾಟ್. 460 ಎಂಬುದು ವೋಲ್ಟ್‌ಆಂಪಿಯರ್. ಇನ್ವರ್ಟರ್, ಯುಪಿಎಸ್ ಆರಿಸುವಾಗ ಇದು ಬೇಕಾಗುತ್ತದೆ. 230 ÷ 2 = 115 ಓಮ್ ಬಂದರೂ ಅದು ಸುರುಳಿಯ ರೋಧವಲ್ಲ, ಇಂಪೀಡೆನ್ಸ್, ಅಂದರೆ ಏಸಿ ಕರೆಂಟಿಗೆ ಮೋಟಾರು ಒಡ್ಡುವ ಒಟ್ಟು ತಡೆ. ಸುರುಳಿಯನ್ನು ಓಮ್ ಸ್ಥಾನದಲ್ಲಿ ಅಳೆದಾಗ 15 ಓಮ್ ಬಂತೆನ್ನಿ. ಅದನ್ನು ಹಿಡಿದುಕೊಂಡು 230 × 230 ÷ 15 ಎಂದು ಲೆಕ್ಕ ಹಾಕಿದರೆ 3500 ವಾಟ್ ದಾಟುವ ಅಸಂಬದ್ಧ ಉತ್ತರ ಬರುತ್ತದೆ. ಅದೇ 2 × 2 × 15 = 60 ವಾಟ್ ಎಂಬ ಲೆಕ್ಕ ಮಾತ್ರ ಸರಿ. ಆ 2 ಆಂಪಿಯರ್ ನಿಜಕ್ಕೂ ಆ ತಾಮ್ರದ ಮೂಲಕವೇ ಹರಿಯುತ್ತಿದೆ, ಸುರುಳಿಯಲ್ಲಿ ಶಾಖವಾಗಿ ಹೋಗುವುದು ಅಷ್ಟು.

ವಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ: 322 ವಾಟಿನ ಮೋಟಾರು 5 ಗಂಟೆ ಓಡಿದರೆ 1.61 ಯೂನಿಟ್.

ಹಂತ 8: ಬ್ಯಾಟರಿಯ ಒಳಗಿನ ರೋಧ

ಬಿಚ್ಚಿ ನೋಡಲಾಗದ ರೋಧವನ್ನೂ ಇದೇ ಭಾಗಾಕಾರದಿಂದ ಹಿಡಿಯಬಹುದು. ಟಾರ್ಚಿಗೆ ಹಾಕುವ ಒಂದು ಸೆಲ್ ತೆಗೆದುಕೊಂಡು ಏನನ್ನೂ ಜೋಡಿಸದೆ ವೋಲ್ಟೇಜ್ ಅಳೆಯಿರಿ: 1.58. ಈಗ ಒಂದು ಪುಟ್ಟ ಬಲ್ಬ್ ಜೋಡಿಸಿ, ಅದು ಉರಿಯುತ್ತಿರುವಾಗಲೇ ಸೆಲ್ಲಿನ ತುದಿಗಳಲ್ಲಿ ಮತ್ತೆ ಅಳೆಯಿರಿ: 1.42, ಕರೆಂಟ್ 0.4 ಆಂಪಿಯರ್. ಕಾಣೆಯಾದ 0.16 ವೋಲ್ಟ್ ಸೆಲ್ಲಿನ ಒಳಗೇ ಬಿದ್ದಿದೆ, ಅದರ ಮೂಲಕವೂ ಅದೇ 0.4 ಆಂಪಿಯರ್ ಹರಿಯುತ್ತಿದೆ. 0.16 ÷ 0.4 = 0.4 ಓಮ್. ಇದು ಅದರ ಒಳರೋಧ.

ಸೆಲ್ ಹಳೆಯದಾದಂತೆ ಈ ಅಂಕಿ ಏರುತ್ತದೆ. ಸುಮ್ಮನೆ ಅಳೆದಾಗ 1.5 ವೋಲ್ಟ್ ತೋರಿಸಿ ಗಟ್ಟಿಯಿದ್ದಂತೆ ಕಾಣುವ ಸೆಲ್, ಬಲ್ಬ್ ಜೋಡಿಸಿದೊಡನೆ 1.1ಕ್ಕೆ ಕುಸಿದು 0.3 ಆಂಪಿಯರ್ ಮಾತ್ರ ಕೊಟ್ಟಿತೆನ್ನಿ. 0.4 ÷ 0.3 = 1.33 ಓಮ್. ಬಲ್ಬಿಗೆ ತಲುಪಿದ್ದು 1.1 × 0.3 = 0.33 ವಾಟ್, ಮೊದಲಿನ ಸೆಲ್ ಕೊಟ್ಟದ್ದು 0.57. ಆದ್ದರಿಂದ ಸೆಲ್ ಪರೀಕ್ಷೆ ಮಾಡುವಾಗ ಯಾವಾಗಲೂ ಲೋಡ್ ಜೋಡಿಸಿಯೇ ಅಳೆಯಿರಿ. ಬಲ್ಬ್ ಜೋಡಿಸಿದ ಕೂಡಲೇ ಒಂದು ಸಲ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಎರಡನೆಯ ಅಂಕಿ ಇಳಿಯುತ್ತಲೇ ಹೋಗುತ್ತಿದ್ದರೆ ಆ ಸೆಲ್ಲನ್ನು ಕಡಿಮೆ ಕರೆಂಟ್ ಸಾಕಾಗುವ ಗೋಡೆ ಗಡಿಯಾರಕ್ಕೆ ಹಾಕಿ, ಟಾರ್ಚಿಗೆ ಹೊಸದು ಹಾಕಿ.